ನಿಲ್ಲದ ಮುಳ್ಳು

ಅಣೆಕಟ್ಟಿನ ಕ್ಯಾಂಪು, ಹಿಮಾಚಲ
6 ನವೆಂಬರ್ 2024

ಸಮದ ಚಾಚಾ ಅವರಿಗೆ ನಾಗಸೇನನ ಆದಾಬ್.

ಮೂರು ಸಲ ಫೋನು ಮಾಡಿದೆ. ಇಲ್ಲಿ ಅರ್ಧ ಗಂಟೆ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಮೂರು ಸಲವೂ ರಿಂಗಾಗಿ ರಿಂಗಾಗಿ ನಿಂತುಹೋಯಿತು. ನನ್ನ ನಂಬರು ನೋಡಿ ಬಿಟ್ಟಿರೋ, ಅಂಗಡಿಯ ಕಂಪ್ರೆಸರ್ ಸದ್ದಿನಲ್ಲಿ ಕೇಳಿಸಲಿಲ್ಲವೋ ಗೊತ್ತಿಲ್ಲ. ಅದಕ್ಕೇ ಈ ಪತ್ರ.

ಕಾರಂಜಾ ಜಲಾಶಯದ ದಂಡೆಯಿಂದ ನಾನು ಎದ್ದುಹೋಗಿ ಒಂದು ವರ್ಷ ಹತ್ತು ತಿಂಗಳಾಯಿತು. ಆ ವಿಷಯ ಕೆದಕಲು ಬರೆಯುತ್ತಿಲ್ಲ. ಕೆಲಸದ ಮಾತೊಂದಿದೆ, ಅದನ್ನು ಕೇಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಇಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಇದ್ದೇನೆ. ಅಣೆಕಟ್ಟಿನ ಗೇಟುಗಳನ್ನು ನೀರೊಳಗೆ ಹೋಗಿ ನೋಡುವ ಕೆಲಸ. ಇಲ್ಲಿಗೆ ಬಂದ ಮೇಲೆ ನಾನು ನೀರಿಗೆ ಇಳಿದಿಲ್ಲ. ಮೇಲೆ ಕುಳಿತು ಇಳಿದವರ ಹಗ್ಗ ಹಿಡಿದುಕೊಳ್ಳುತ್ತೇನೆ, ಅಷ್ಟೆ. ಹೋದ ತಿಂಗಳು ಒಬ್ಬ ಡೈವರ್ ಕೆಲಸ ಬಿಟ್ಟ. ಜನವರಿಯಲ್ಲಿ ಒಂದು ಗೇಟಿನ ಬುಡದಲ್ಲಿ ಸಿಕ್ಕಿಕೊಂಡಿರುವ ಮರದ ದಿಮ್ಮಿ ತೆಗೆಯಬೇಕು. ಕಾಶೀರಾಮ ಎಂಬ ಹಿರಿಯ ಡೈವರ್ ಜೊತೆ ನೀನೇ ಇಳಿ ಎಂದು ಸೂಪರ್‌ವೈಸರ್ ಹೇಳಿದ್ದಾನೆ. ಆಳ ಇಪ್ಪತ್ತೆರಡು ಮೀಟರ್. ಆಗ ನೀರು ಮೂರು ಡಿಗ್ರಿ ಇರುತ್ತದಂತೆ.

ಸಿಲಿಂಡರ್, ಚಳಿಯ ಸೂಟು ಅವರು ಕೊಡುತ್ತಾರೆ. ಉಸಿರಾಡುವ ರೆಗ್ಯುಲೇಟರ್ ಮಾತ್ರ ಅವರವರದು. ನನ್ನ ಹತ್ತಿರ ನೀವು ಕೊಟ್ಟದ್ದಿದೆ. ಆ ದಿನದ ನಂತರ ಅದರ ಚೀಲದ ಜಿಪ್ಪು ಎಳೆದದ್ದು ಮೊನ್ನೆಯೇ. ಕಾಶೀರಾಮ ಅದನ್ನು ನೋಡಿ, ಇದು ಬೆಚ್ಚನೆ ನೀರಿನದು, ಇಲ್ಲಿ ಮಂಜುಗಟ್ಟಿ ಕೈಕೊಡುತ್ತದೆ ಎಂದರು. ಇದೇ ಮಾಡೆಲ್ಲಿಗೆ ಹೊರಗಿನಿಂದ ಹಾಕುವ ಚಳಿ ಕಿಟ್ ಸಿಗುತ್ತದಂತೆ. ಇಲ್ಲವೇ ಹೊಸದೇ ಕೊಳ್ಳಬೇಕು.

ಯಾವುದು ಮಾಡಲಿ? ಕಿಟ್ ಸಾಕೇ? ಯಂತ್ರದ ಬಗ್ಗೆ ಮಾತ್ರ ಹೇಳಿ ಚಾಚಾ. ನನ್ನ ಬಗ್ಗೆ ನೀವು ಹೇಳುವುದನ್ನು ಆಗಲೇ ಹೇಳಿಯಾಗಿದೆ.

ನಿಮ್ಮ
ನಾಗಸೇನ


ಬೀದರ್
20 ನವೆಂಬರ್ 2024

ನಾಗಸೇನನಿಗೆ ಅಬ್ದುಲ ಸಮದನ ದುವಾ.

ಬರೆಯುತ್ತಿರುವವಳು ನನ್ನ ಮಗಳು ಸಾಯಿಮಾ. ನನಗೆ ಉರ್ದು ಬರೆಯಲು ಬರುತ್ತದೆ, ನಿನಗೆ ಓದಲು ಬರುವುದಿಲ್ಲ. ನಾನು ಹೇಳಿದ್ದನ್ನು ಅವಳು ತನ್ನ ಸಾಲೆಯ ಕನ್ನಡದಲ್ಲಿ ಬರೆಯುತ್ತಾಳೆ.

ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ.

ಸಿಲಿಂಡರ್ ಒಳಗೆ ಗಾಳಿ ಇನ್ನೂರು ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ಸಿಲಿಂಡರಿನ ಮೇಲೆ ಕೂರುವ ಭಾಗ ಅದನ್ನು ಒಂಬತ್ತೂವರೆಗೆ ಇಳಿಸುತ್ತದೆ. ಬಾಯಿಯ ಭಾಗ ಅದನ್ನು ಉಸಿರಿನಷ್ಟು ಮಾಡುತ್ತದೆ. ಗಾಳಿ ಹೀಗೆ ಒಮ್ಮೆಲೇ ಸಡಿಲಾದಾಗ ತಣ್ಣಗಾಗುತ್ತದೆ. ಗ್ಯಾಸ್ ಸಿಲಿಂಡರಿನ ಮೂತಿಯ ಮೇಲೆ ಮಂಜು ಬಿಳಿ ಹಿಟ್ಟಿನಂತೆ ಕೂರುವುದನ್ನು ನನ್ನ ಅಂಗಡಿಯಲ್ಲಿ ನೋಡಿದ್ದೀ. ನಮ್ಮ ಕಡೆಯ ನೀರು ಆ ತಂಪನ್ನು ನುಂಗಿಬಿಡುತ್ತದೆ. ಮೂರು ಡಿಗ್ರಿಯ ನೀರು ನುಂಗುವುದಿಲ್ಲ. ಸ್ಪ್ರಿಂಗಿನ ಸುತ್ತ ನೀರಿದ್ದರೆ ಅದೇ ಮಂಜಾಗುತ್ತದೆ, ವಾಲ್ವು ತೆರೆದಲ್ಲೇ ಕಚ್ಚಿಕೊಳ್ಳುತ್ತದೆ, ಗಾಳಿ ಭುಸ್ಸೆಂದು ನುಗ್ಗುತ್ತದೆ. ಆಳದಲ್ಲಿ ಒಂದು ಸಿಲಿಂಡರ್ ಖಾಲಿಯಾಗಲು ಎರಡು ಮೂರು ನಿಮಿಷ ಸಾಕು.

ಆದ್ದರಿಂದ ಹೊಸದನ್ನೇ ಕೊಳ್ಳು. ಸ್ಪ್ರಿಂಗಿಗೆ ನೀರು ತಾಗದಂತೆ ಪೂರ್ತಿ ಮುಚ್ಚಿರಬೇಕು. ಬಾಯಿಯ ಭಾಗ ಪ್ಲಾಸ್ಟಿಕ್ ಬೇಡ, ಲೋಹದ್ದಿರಲಿ. ಅದು ನಿನ್ನ ಉಸಿರಿನ ಬಿಸಿಯನ್ನೂ ನೀರಿನ ಅಷ್ಟಿಷ್ಟು ಬಿಸಿಯನ್ನೂ ಹಿಡಿದುಕೊಳ್ಳುತ್ತದೆ. ಒಂದು ಸಿಲಿಂಡರಿಗೆ ಎರಡು ವಾಲ್ವು ಇದ್ದರೆ ಎರಡನೆಯ ರೆಗ್ಯುಲೇಟರನ್ನೂ ಬೇರೆಯಾಗಿ ಕೂರಿಸು. ನೀರಿಗಿಳಿಯುವ ಮುನ್ನ ಹೊರಗಿನ ಗಾಳಿಯಲ್ಲಿ ಅದರಿಂದ ಉಸಿರಾಡಬೇಡ, ಉಸಿರಿನ ತೇವವೇ ಒಳಗೆ ಮಂಜಾಗುತ್ತದೆ.

ಹಳೆಯದನ್ನು ಬಿಡು. ಕಿಟ್ ಹಾಕಬೇಡ. ಹಳೆಯದಕ್ಕೆ ಏನೂ ಹಾಕಬೇಡ.

ಅಬ್ದುಲ ಸಮದ

(ಹಿಂಬದಿ)

ನಾಗಸೇನ ಭಯ್ಯಾ, ಇದು ನನ್ನ ಮಾತು, ಅಬ್ಬಾನಿಗೆ ಗೊತ್ತಿಲ್ಲ. ನಿಮ್ಮ ಪತ್ರ ಬಂದು ಎಂಟು ದಿನ ಅದು ಅವರ ಅಂಗಿಯ ಜೇಬಿನಲ್ಲೇ ಇತ್ತು. ‘ಹಳೇದು ಬ್ಯಾಡಂತ ಬರಿ’ ಎಂದು ನಾಲ್ಕು ಸಲ ಹೇಳಿದರು. ನಾನು ‘ಯಾಕ್ರಿ ಅಬ್ಬಾ, ಕಿಟ್ ಹಾಕಿದ್ರ ಆಗಾಂಗಿಲ್ಲೇನು?’ ಎಂದು ಕೇಳಿದೆ. ‘ಬರಿ ಅಂದ್ರ ಬರಿ’ ಎಂದು ಗದರಿ, ಚಹಾ ಅರ್ಧಕ್ಕೆ ಬಿಟ್ಟು ಹೊರಗೆ ಹೋದರು. ನನ್ನನ್ನು ಅವರು ಗದರುವವರಲ್ಲ. ಏನೋ ಇದೆ. ಏನೆಂದು ಗೊತ್ತಿಲ್ಲ.
– ಸಾಯಿಮಾ


ಅಣೆಕಟ್ಟಿನ ಕ್ಯಾಂಪು
8 ಡಿಸೆಂಬರ್ 2024

ಸಮದ ಚಾಚಾ ಅವರಿಗೆ,

ನಿಮ್ಮ ಪತ್ರ ಬರುವ ಮೊದಲೇ ಕಾಶೀರಾಮ ಚಂಡೀಗಢದಿಂದ ಕಿಟ್ ತರಿಸಿದ್ದರು. ಅದನ್ನು ಹಾಕಿಯೂ ಆಗಿದೆ. ಹೊರಗಿನ ರಿಂಗು ಬಿಚ್ಚಿ, ರಬ್ಬರಿನ ಮುಚ್ಚಳ ಕೂರಿಸಿ, ಮತ್ತೆ ಬಿಗಿದರೆ ಮುಗಿಯಿತು. ಒಳಗಿನದನ್ನು ಮುಟ್ಟಲೇ ಇಲ್ಲ. ಅದೇ ಅಂಗಡಿಯಲ್ಲಿ ಹೊಸದನ್ನು ಕೇಳಿದೆ, ನೀವು ಹೇಳುವಂಥದ್ದು ಫೆಬ್ರುವರಿಗೆ ಮೊದಲು ಇಲ್ಲ ಎಂದರು. ನಾವು ಇಳಿಯುವುದು ಜನವರಿ ಒಂಬತ್ತಕ್ಕೆ. ಆಮೇಲೆ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು.

ಕೆದಕುವುದಿಲ್ಲ ಎಂದಿದ್ದೆ. ಈಗ ಕೆದಕುತ್ತೇನೆ.

ಅವತ್ತು ಕಾರಂಜಾದಲ್ಲಿ ಮುಳುಗಿದ ಹುಡುಗನನ್ನು ಹುಡುಕುವಾಗ ಹದಿನಾಲ್ಕು ಮೀಟರಿನಲ್ಲಿ ನನ್ನ ಬಾಯೊಳಗೆ ಗಾಳಿ ನುಗ್ಗಿತು. ನಿಲ್ಲಲಿಲ್ಲ. ನಾನು ಮೇಲೆ ಬಂದೆ. ದಂಡೆಯ ಮೇಲೆ ‘ಮಷೀನಿಗೆ ಏನೋ ಆಗ್ಯಾದ್ರಿ ಚಾಚಾ’ ಎಂದೆ. ನೀವು ಹೇಳಿದ್ದು ನನಗೆ ಒಂದೊಂದು ಅಕ್ಷರವೂ ನೆನಪಿದೆ. ‘ಮಷೀನಿಗೆ ಏನಾಗ್ಯಾದ? ಅದು ನಾನೇ ಬಿಚ್ಚಿ ಜೋಡ್ಸಿದ್ದು. ಅಂಜಿದಿ ನೀ. ಅಂಜಿ ಎದಿ ಬಡಕೊಂಡು ಗಾಳಿ ಎಳದಿ. ನೀರಿಗಿಳಿಯೋ ಗಂಡಸಲ್ಲ ನೀ.’

ಮುಳುಗಿದ್ದ ಅಮಿತಕುಮಾರನ ಅಪ್ಪ ಮನ್ಮಥಪ್ಪ ಅಲ್ಲೇ ಇದ್ದ. ನೂರು ಜನ ಇದ್ದರು. ಹೆಣ ಹುಡುಕುವ ನಮ್ಮ ತಂಡದ ಅನೀಲಕುಮಾರ ಫೋನು ಹಿಡಿದು ನಿಂತಿದ್ದ. ನಮ್ಮೂರು ಚಿಂತಾಕಿಗೆ ನಾನು ತಲುಪುವ ಮೊದಲೇ ಆ ವಿಡಿಯೊ ತಲುಪಿತ್ತು. ಕಿರಾಣಿ ಅಂಗಡಿಯಲ್ಲಿ ಅವ್ವನಿಗೆ ತೋರಿಸಿದ್ದರು.

ನೀವು ಹೇಳಿದಿರಿ ಅಂದಮೇಲೆ ಯಂತ್ರ ಸರಿ ಇದೆ, ನಾನೇ ಸರಿ ಇಲ್ಲ ಎಂದು ನಂಬಿದೆ. ಈಗ ಹಳೆಯದನ್ನು ಬಿಡು ಎನ್ನುತ್ತೀರಿ, ಯಾಕೆ ಎಂದು ಹೇಳುವುದಿಲ್ಲ. ಯಂತ್ರ ಸರಿ ಇದ್ದರೆ ಕಿಟ್ ಸಾಕು. ಸಾಲದು ಎಂದರೆ ನನಗೆ ಏನು ತಿಳಿಯಬೇಕು? ಈಗಲೂ ಹೆದರುತ್ತಾನೆ, ನಮ್ಮ ಹೆಸರು ಕೆಡಿಸುತ್ತಾನೆ ಅಂತಲೇ?

ಒಂಬತ್ತಕ್ಕೆ ಇದನ್ನೇ ಹಾಕಿಕೊಂಡು ಇಳಿಯುತ್ತೇನೆ.

ನಾಗಸೇನ


ಬೀದರ್
21 ಡಿಸೆಂಬರ್ 2024

ನಾಗು ಬೇಟಾ,

ಇಳಿಯಬೇಡ. ಉಳಿದದ್ದನ್ನು ಆಮೇಲೆ ಓದು. ಆ ರೆಗ್ಯುಲೇಟರ್ ಹಾಕಿಕೊಂಡು ಇಳಿಯಬೇಡ.

ಅದರ ಒಳಗೆ ಬಟಾಣಿ ಗಾತ್ರದ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ, ಸೀಟು ಅನ್ನುತ್ತೇವೆ. ಇನ್ನೂರು ಬಾರಿನ ಗಾಳಿಯನ್ನು ತಡೆದು ನಿಲ್ಲಿಸುವುದು ಅದೊಂದೇ. ಅದು ಸವೆದರೆ ಗಾಳಿ ಸೋರಿ ಒಳಗಿನ ಒತ್ತಡ ನಿಧಾನ ಏರುತ್ತದೆ. ಒಂಬತ್ತೂವರೆಗೆ ನಿಲ್ಲಬೇಕಾದ, ಒತ್ತಡ ತೋರಿಸುವ ಗೇಜಿನ ಮುಳ್ಳು ನಿಲ್ಲುವುದಿಲ್ಲ. ಕೊನೆಗೆ ಬಾಯಿಯ ಭಾಗ ತಡೆಯಲಾರದೆ ತಾನೇ ತೆರೆದುಕೊಳ್ಳುತ್ತದೆ. ಮಂಜು ಬೇಕಿಲ್ಲ, ಬೆಚ್ಚನೆ ನೀರಿನಲ್ಲೂ ಆಗುತ್ತದೆ. ಹದಿನಾಲ್ಕು ಮೀಟರಿನಲ್ಲಿ ನಿನಗಾದದ್ದು ಅದು.

ನನಗೆ ಗೊತ್ತಿತ್ತು.

(ಭಯ್ಯಾ, ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ‘ಬರಿ ಬೇಟಿ, ನಾ ಅಂದಂಗೇ ಬರಿ’ ಎಂದರು. ಇದರ ಮುಂದಿನದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕನ್ನಡಕ್ಕೆ ತಿರುಗಿಸಲು ನನಗೆ ಮನಸ್ಸಿಲ್ಲ.)

‘ಅವತ್ತು ಮುಂಜಾನಿ ಅದನ್ನ ಬಿಚ್ಚಿದ್ದೆ. ಸೀಟಿನ ಮ್ಯಾಲ ಉಂಗುರದಂಗ ಗೀರು ಬಿದ್ದಿತ್ತು. ಹೊಸ ಸೀಟು ಮುಂಬೈಯಿಂದ ಬರೋದಿತ್ತು, ಬಂದಿದ್ದಿಲ್ಲ. ಅಷ್ಟರಾಗ ಫೋನ್ ಬಂತು, ಕಾರಂಜಾದಾಗ ಸಾಯಗಾಂವ ಹುಡುಗ ಮುಳುಗ್ಯಾನ ಅಂತ. ಗಡಬಡಿಸಿ ಅದೇ ಸೀಟು ಹಾಕಿ ಜೋಡ್ಸಿದೆ. ಗೇಜ್ ಹಚ್ಚಿ ನೋಡಿದೆ. ಮುಳ್ಳು ಏರ್ಲತ್ತಿತ್ತು. ಒಂಬತ್ತೂವರಿ ಇದ್ದಿದ್ದು ಹನ್ನೊಂದಕ್ಕ ಹೋತು. ಅರ್ಧ ತಾಸಿನ ಮಾತು, ನಡೀತದ ಅಂದ್ಕೊಂಡೆ. ನನ್ನ ಹಂತ್ಯಾಕ ಇನ್ನೊಂದು ಇತ್ತು, ಛಲೋದು. ಅದು ನಾ ಹಾಕ್ಕೊಂಡೆ. ಇದು ನಿನಗ ಕೊಟ್ಟೆ. ನೀ ಹರೇದಾಂವ, ತಡ್ಕೊಂತಿ ಅಂತ.

‘ನೀ ಮ್ಯಾಲ ಬಂದಿ, ನಿನ್ನ ಹಿಂದೇ ನಾನೂ ಬಂದೆ. ನೀ ಮಷೀನ್ ಅಂದಿ. ಮನ್ಮಥಪ್ಪ ನನ್ನ ಕೈ ಹಿಡ್ಕೊಂಡು ನಿಂತಿದ್ದ. ಮಗನ ಹೆಣ ಇನ್ನ ನೀರಾಗೇ ಇತ್ತು. ಸಮದನ ಮಷೀನ್ ಸುಮಾರು, ಅದಕ್ಕೇ ಹೆಣ ಸಿಗಲಿಲ್ಲ ಅಂತ ಮಂದಿ ಅಂತಾರ ಅನ್ನೋದೊಂದೇ ತಲ್ಯಾಗ ಬಂತು. ಬಾಯಿಗಿ ಬಂದಿದ್ದು ಅಂದುಬಿಟ್ಟೆ. ಅಂದಮ್ಯಾಲ ತಿರುಗಿ ತೊಗೊಳ್ಳಾಕ ಆಗಲಿಲ್ಲ. ದಿನಾ ನಾಳಿ ಹೇಳ್ತೀನಿ ಅಂದೆ. ನಿನ್ನ ಫೋನ್ ಬಂದಾಗ ಮೂರು ಸಲನೂ ನಂಬರ್ ನೋಡ್ದೆ ನಾ.

‘ಮಾಫಿ ಕೇಳೋ ಮಾರಿ ನನಗಿಲ್ಲ. ಕೇಳ್ತೀನಿ.’

ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಕಾಶೀರಾಮರ ಗೇಜು ಹಚ್ಚಿ ಹತ್ತು ನಿಮಿಷ ಮುಳ್ಳನ್ನು ನೋಡು. ಮುಂಬೈ ಬಂದರಿನಲ್ಲಿ ನನ್ನ ಜೊತೆ ಹಡಗಿನ ತಳ ಉಜ್ಜುತ್ತಿದ್ದ ಅಬ್ದುಲ ಮಜೀದ ಈಗ ಅಲ್ಲೇ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಚಳಿ ನೀರಿನದು ಒಂದಿತ್ತು, ಪೂರ್ತಿ ಮುಚ್ಚಿದ್ದು, ಬಾಯಿಯ ಭಾಗ ಲೋಹದ್ದು. ನಿನ್ನ ಕ್ಯಾಂಪಿನ ವಿಳಾಸಕ್ಕೆ ಅಲ್ಲಿಂದಲೇ ಕಳಿಸಿದ್ದಾನೆ. ಅದು ಬರುವ ತನಕ ನೀರಿನ ಹತ್ತಿರ ಹೋಗಬೇಡ.

ಅಬ್ದುಲ ಸಮದ


ಬೀದರ್
4 ಜನವರಿ 2025

ನಾಗಸೇನ ಭಯ್ಯಾ,

ಇದು ಮೊದಲು ತಲುಪಿದರೆ ಇಷ್ಟು ಓದಿ: ನಿಮ್ಮ ರೆಗ್ಯುಲೇಟರಿನ ಸೀಟು ಸವೆದಿದೆ. ಅಬ್ಬಾನಿಗೆ ಅವತ್ತೇ ಗೊತ್ತಿತ್ತು. ನಿಮ್ಮ ತಪ್ಪಲ್ಲ. ಇಳಿಯಬೇಡಿ.

ಡಿಸೆಂಬರ್ 21ರ ಸ್ಪೀಡ್ ಪೋಸ್ಟ್ 27ಕ್ಕೆ ನಿಮ್ಮ ಜಿಲ್ಲೆ ತಲುಪಿದೆ ಎಂದು ಫೋನಿನಲ್ಲಿ ತೋರಿಸುತ್ತದೆ. ಆಮೇಲೆ ಮುಂದೆ ಹೋಗಿಲ್ಲ. ಮುಂಬೈ ಪಾರ್ಸೆಲ್ಲೂ ದಾರಿಯಲ್ಲೇ ಇದೆ. ನಿಮ್ಮ ಫೋನು ಹತ್ತುತ್ತಿಲ್ಲ, ಕಳಿಸಿದ ಮೆಸೇಜೂ ತಲುಪಿಲ್ಲ. ನಿಮ್ಮ ಗುತ್ತಿಗೆದಾರರ ಆಫೀಸಿನ ನಂಬರು ಹುಡುಕಿ ಫೋನು ಮಾಡಿದೆ. ಒಬ್ಬರು ಎತ್ತಿ, ‘ಹೇಳುತ್ತೇವೆ’ ಎಂದು ಇಟ್ಟರು. ಏನು ಹೇಳುತ್ತಾರೋ, ಬರೆದುಕೊಂಡರೋ ಇಲ್ಲವೋ. ಮರುದಿನದಿಂದ ಆ ನಂಬರು ಹತ್ತುತ್ತಲೇ ಇಲ್ಲ. ಮೇಲೆ ಹಿಮ ಬಿದ್ದಿದೆ ಎಂದು ಟೀವಿಯಲ್ಲಿ ಬಂತು.

ಅಬ್ಬಾ ದಿನಾ ಹೆಡ್ ಪೋಸ್ಟಾಫೀಸಿಗೆ ಹೋಗಿ ಕೌಂಟರಿನ ಮುಂದೆ ನಿಲ್ಲುತ್ತಾರೆ. ‘ಚಾಚಾ, ಪತ್ರ ನಮ್ ಕೈಯಾಗಿಲ್ರಿ, ಮನಿಗಿ ಹೋಗ್ರಿ’ ಎಂದು ಅಲ್ಲಿಯವರು ಹೇಳಿದರೂ ನಿಲ್ಲುತ್ತಾರೆ. ನಾನು ಅವರ ಜೊತೆ ಮಾತು ಬಿಟ್ಟು ಹದಿನೈದು ದಿನವಾಯಿತು. ಅಮ್ಮೀಜಾನ್ ನಡುವೆ ನಿಂತು ಮಾತು ದಾಟಿಸುತ್ತಾರೆ. ಅವತ್ತಿನ ವಿಡಿಯೊ ನಾನೂ ನೋಡಿದ್ದೆ ಭಯ್ಯಾ. ನೋಡಿ, ಅಬ್ಬಾ ಹೇಳಿದ್ದಾರೆ ಅಂದಮೇಲೆ ನಿಜವೇ ಇರಬೇಕು ಎಂದುಕೊಂಡಿದ್ದೆ.

ಇನ್ನು ಐದು ದಿನ. ಬದುಕಿದ್ದೇನೆ ಎಂದು ಒಂದು ಸಾಲು ಬರೆಯಿರಿ.

ಸಾಯಿಮಾ


ಅಣೆಕಟ್ಟಿನ ಕ್ಯಾಂಪು
27 ಜನವರಿ 2025

ಸಮದ ಚಾಚಾ,

ಬರೆಯಬಾರದು ಎಂದೇ ಇದ್ದೆ. ಸಾಯಿಮಾಳ ಪತ್ರ ಮೊನ್ನೆ ಬಂತು. ಅವಳಿಗಾಗಿ ಬರೆಯುತ್ತಿದ್ದೇನೆ. ಬದುಕಿದ್ದೇನೆ.

ನಿಮ್ಮದು ಎಂಟನೆಯ ತಾರೀಖು ಮಧ್ಯಾಹ್ನ ಬಂತು. ರಸ್ತೆಯ ಹಿಮ ತೆಗೆದ ಮೇಲೆ ಮೊದಲು ಹತ್ತಿದ ರೇಷನ್ ಜೀಪಿನಲ್ಲಿ, ಆಲೂಗಡ್ಡೆ ಚೀಲಗಳ ಮೇಲೆ ಟಪಾಲಿನ ಕಟ್ಟು ಇತ್ತು. ಜೀಪಿನ ಪಕ್ಕ ನಿಂತೇ ಓದಿದೆ. ಸಿಟ್ಟು ಬರಲಿಲ್ಲ. ಕೈಗವಸು ಎಲ್ಲಿಟ್ಟೆ ಎಂದು ಹುಡುಕಿದೆ, ಅವು ಕೈಯಲ್ಲೇ ಇದ್ದವು.

ಕಾಶೀರಾಮರ ಗೇಜು ಕೇಳಿ ತಂದೆ. ಅಡುಗೆ ಶೆಡ್ಡಿನ ಮೇಜಿನ ಮೇಲೆ ಸಿಲಿಂಡರ್ ಇಟ್ಟು ರೆಗ್ಯುಲೇಟರ್ ಕೂರಿಸಿ ಗಾಳಿ ಬಿಟ್ಟೆ. ಮುಳ್ಳು ಒಂಬತ್ತೂವರೆಗೆ ಬಂದು ನಿಂತಿತು. ನಿಂತೇ ಇತ್ತು. ಆ ಒಂದು ನಿಮಿಷ ನನಗೆ ಏನಾಯಿತು ಗೊತ್ತೇ ಚಾಚಾ? ನೀವು ಹೇಳಿದ್ದು ಸುಳ್ಳಾಗಲಿ, ತಪ್ಪು ನನ್ನದೇ ಇರಲಿ ಎನಿಸಿತು. ಎರಡು ವರ್ಷ ಹೊತ್ತು ರೂಢಿಯಾಗಿತ್ತು, ಇಳಿಸಿದರೆ ನಾನು ಯಾರೆಂದೇ ತಿಳಿಯದಂತಾಗುತ್ತಿತ್ತು. ಆಮೇಲೆ ಮುಳ್ಳು ಹತ್ತಕ್ಕೆ ಹೋಯಿತು. ಹತ್ತೂವರೆ. ಹನ್ನೊಂದು. ಏಳನೆಯ ನಿಮಿಷಕ್ಕೆ ಬಾಯಿಯ ಭಾಗ ಮೇಜಿನ ಮೇಲೆ ತಾನೇ ಸುಯ್ ಎನ್ನತೊಡಗಿ ಭುಸ್ಸೆಂದು ಬಿಟ್ಟುಕೊಂಡಿತು. ಆ ಸದ್ದು ನನ್ನ ಹಲ್ಲುಗಳಿಗೆ ಗೊತ್ತಿತ್ತು.

ಕಾಶೀರಾಮ ವಾಲ್ವು ಮುಚ್ಚಿದರು. ಇದನ್ನು ಯಾರು ಜೋಡಿಸಿದ್ದು ಎಂದು ಕೇಳಿದರು. ನನ್ನ ಉಸ್ತಾದರು ಎಂದೆ. ಅವರು ಗೇಜು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಸೂಪರ್‌ವೈಸರಿಗೆ ನಾಳೆ ಇಳಿಯುವುದಿಲ್ಲ ಎಂದು ಹೇಳಿದೆ. ಎಲ್ಲರೂ ಊಟಕ್ಕೆ ಕುಳಿತಿದ್ದರು. ಅವನು ತಟ್ಟೆಯಿಂದ ತಲೆ ಎತ್ತಿ, ‘ಹೆದರಿದೆಯಾ?’ ಎಂದ. ಭಾಷೆ ಹಿಂದಿ, ಮಾತು ಅದೇ. ಗೇಜು ಅವನ ಮುಂದೆ ಇಟ್ಟು, ‘ನೀವೇ ಹಚ್ಚಿ ನೋಡಿ. ಇದರ ಮೇಲೆ ನೀವು ಇಳಿಯುವುದಾದರೆ ನಾನೂ ಇಳಿಯುತ್ತೇನೆ’ ಎಂದೆ. ಅವನು ಕಾಶೀರಾಮರ ಕಡೆ ತಿರುಗಿ, ನೀವೊಬ್ಬರೇ ಹೋಗಿ ಎಂದ. ಕಾಶೀರಾಮ ರೊಟ್ಟಿ ಮುರಿಯುತ್ತ, ‘ಒಬ್ಬನೇ ಹೋಗುವುದಿಲ್ಲ. ಇವನ ಪಾರ್ಸೆಲ್ ಬರಲಿ’ ಎಂದರು. ಅವನು ಬೈದ. ಮೇಲಿನವರಿಗೆ ಏನು ಹೇಳಲಿ ಎಂದು ಕೂಗಾಡಿದ. ಆದರೆ ಒಂಬತ್ತಕ್ಕೆ ಯಾರೂ ಇಳಿಯಲಿಲ್ಲ.

ಮಜೀದ ಚಾಚಾ ಕಳಿಸಿದ ಪೆಟ್ಟಿಗೆ ಹದಿನೈದಕ್ಕೆ ಬಂತು. ಗೇಜು ಹಚ್ಚಿ ಒಂದು ಗಂಟೆ ನೋಡಿದೆ. ಹದಿನೇಳಕ್ಕೆ ಇಳಿದೆವು.

ಆ ನೀರು ಮುಖಕ್ಕೆ ಬಡಿದರೆ ಹಣೆಯಲ್ಲಿ ಮೊಳೆ ಹೊಡೆದಂತೆ. ನೀವು ಹೇಳಿದಂತೆ ಮುಖ ಮುಳುಗಿದ ಮೇಲೆಯೇ ಮೊದಲ ಉಸಿರು ಎಳೆದೆ. ಹತ್ತು ಮೀಟರಿನ ಕೆಳಗೆ ಕಾಶೀರಾಮರ ಲೈಟು ಬಿಟ್ಟರೆ ಏನೂ ಇಲ್ಲ. ಗೇಟಿನ ಬುಡದಲ್ಲಿ ದಿಮ್ಮಿಗೆ ಸರಪಳಿ ಸುತ್ತುವಾಗ ಕೆಸರು ಎದ್ದು ಆ ಲೈಟೂ ಹೋಯಿತು. ನನ್ನ ಕೈ ನನಗೇ ಕಾಣಲಿಲ್ಲ. ಎದೆ ಬಡಿಯತೊಡಗಿತು, ಉಸಿರು ಒಂದರ ಮೇಲೊಂದು ಬಂತು. ಇದು ಹೆದರಿಕೆ ಎಂದು ನನಗೇ ನಾನು ಹೇಳಿಕೊಂಡೆ. ರೆಗ್ಯುಲೇಟರ್ ಕೇಳಿದಷ್ಟು ಕೊಟ್ಟಿತು, ಕೇಳದ್ದನ್ನು ಕೊಡಲಿಲ್ಲ. ಗೇಟಿನ ಕಬ್ಬಿಣಕ್ಕೆ ಮೊಣಕೈ ಒತ್ತಿ, ಎಣಿಸಿ ಎಣಿಸಿ ಉಸಿರಾಡಿದೆ. ಕೆಸರು ಕೂತಿತು. ಸರಪಳಿಯ ಕೊಂಡಿ ಹಾಕಿ ಮೇಲೆ ಬಂದೆವು. ದಿಮ್ಮಿ ಆ ಮಧ್ಯಾಹ್ನವೇ ಹೊರಗೆ ಬಂತು.

ಮೇಲೆ ಬಂದು ಬೆಂಕಿಯ ಮುಂದೆ ಕುಳಿತಾಗ ತಿಳಿಯಿತು. ಕಾರಂಜಾದಲ್ಲಿ ನನಗೆ ಹೀಗೆ ಆಗಿರಲೇ ಇಲ್ಲ. ಗಾಳಿ ನುಗ್ಗಿದಾಗ ನಾನು ಬಾಯಿಂದ ಸ್ವಲ್ಪ ಸಡಿಲಿಸಿ ಬದಿಯಿಂದ ಉಸಿರು ಹೀರಿದೆ, ಒಂದು ಕೈ ಮೇಲೆ ಚಾಚಿದೆ, ಗುಳ್ಳೆಗಳಿಗಿಂತ ನಿಧಾನ ಏರಿದೆ. ಎಲ್ಲ ನೀವು ಕಲಿಸಿದಂತೆಯೇ. ಅವತ್ತು ನಾನು ಹೆದರಿರಲಿಲ್ಲ ಚಾಚಾ. ಆಮೇಲೆ ಎರಡು ವರ್ಷ ಹೆದರಿದೆ.

ಮಾಫಿ ಕೇಳಿದ್ದೀರಿ. ಪತ್ರದಲ್ಲಿ ನೀವು ಹೇಳಿದ್ದು ನನಗೆ, ಸಾಯಿಮಾಗೆ ಕೇಳಿಸಿದೆ. ಅವತ್ತು ಹೇಳಿದ್ದು ನೂರು ಜನಕ್ಕೆ ಕೇಳಿಸಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗಾಗದು.

ನಾಗಸೇನ


ಬೀದರ್
21 ಮಾರ್ಚ್ 2025

ನಾಗಸೇನ ಭಯ್ಯಾ,

ಉತ್ತರ ತಡವಾಯಿತು. ತಡ ಮಾಡಿದ್ದು ಅಬ್ಬಾ. ಫೆಬ್ರುವರಿಯಲ್ಲಿ ಎರಡು ಸಲ ಕಾರಂಜಾಕ್ಕೆಂದು ಹೊರಟು, ನಡುದಾರಿಯ ಹಲಬರ್ಗಾದಲ್ಲಿ ಬಸ್ಸು ಇಳಿದು ತಿರುಗಿ ಬಂದರು. ಎರಡನೆಯ ಸಲ ಬಂದಾಗ ನಾನು ಅವರ ಮುಂದೆ ನಿಂತು ‘ನಾ ಬರ್ತೀನಿ ಜೋಡಿ, ನಡ್ರಿ’ ಎಂದೆ. ಅದು ಎರಡು ತಿಂಗಳಲ್ಲಿ ನಾನು ಅವರಿಗೆ ಆಡಿದ ಮೊದಲ ಮಾತು.

ಹೋದ ಭಾನುವಾರ ತಂಡದವರನ್ನೆಲ್ಲ ದಂಡೆಗೆ ಕರೆಸಿದರು. ಮನ್ಮಥಪ್ಪನವರಿಗೆ ತಾವೇ ಫೋನು ಮಾಡಿದ್ದರು, ಅವರು ಸಾಯಗಾಂವದಿಂದ ಬಂದಿದ್ದರು. ಏನೋ ಪ್ರಾಕ್ಟೀಸು ಎಂದುಕೊಂಡು ಉಳಿದವರು ನಗುತ್ತ ನಿಂತಿದ್ದರು. ಅಬ್ಬಾ ಸೀಟಿನ ವಿಷಯ ಶುರು ಮಾಡುತ್ತಲೇ ಅನೀಲಕುಮಾರ ಅವರ ತೋಳು ಹಿಡಿದ. ‘ಬಿಡ್ರಿ ಚಾಚಾ, ಯಾವಾಗಿನ ಮಾತು. ಈಗ ಯಾಕ್ರಿ?’ ಎಂದ.

ಅಬ್ಬಾ ತೋಳು ಬಿಡಿಸಿಕೊಂಡರು. ‘ಅವತ್ತು ಫೋನ್ ತೆಗದು ನಿಂತಿದ್ದಿ. ಇವತ್ತೂ ತೆಗಿ. ಅದು ಎಲ್ಲೆಲ್ಲಿ ಹೋಗ್ಯಾದೋ ಇದೂ ಅಲ್ಲೆಲ್ಲ ಹೋಗ್ಲಿ.’

ಅನೀಲಕುಮಾರ ಫೋನು ತೆಗೆದ. ಅಬ್ಬಾ ಎಲ್ಲ ಹೇಳಿದರು. ಒಳ್ಳೆಯದನ್ನು ತಾವು ಹಾಕಿಕೊಂಡದ್ದನ್ನೂ ಹೇಳಿದರು. ಮನ್ಮಥಪ್ಪ ಕೊನೆಯವರೆಗೂ ನೀರಿನ ಕಡೆ ನೋಡುತ್ತಿದ್ದರು. ಆಮೇಲೆ, ‘ನನ್ನ ಮಗ ಒಂದಿನ ಹೆಚ್ಚಿಗಿ ನೀರಾಗಿದ್ದ’ ಎಂದರು. ಹೊರಡಲು ತಿರುಗಿ, ‘ಆ ಹುಡುಗನ್ನ ನಾನೂ ಬಾಯಿಗಿ ಬಂದಂಗ ಬೈದಿದ್ದೆ. ಅಂವಗ ತಿಳಸ್ರಿ’ ಎಂದು ನನಗೆ ಹೇಳಿ ಹೊರಟುಹೋದರು. ಅಬ್ಬಾನ ಕಡೆ ನೋಡಲಿಲ್ಲ. ಡೈವಿಂಗ್ ಸಾಮಾನು ರಿಪೇರಿ ಮಾಡುವುದನ್ನು ಅಬ್ಬಾ ಅವತ್ತಿಗೆ ಬಿಟ್ಟರು. ತಂಡದವರು ಬೇಡ ಎನ್ನಲಿಲ್ಲ.

ಮರುದಿನ ಔರಾದಕ್ಕೆ ಹೋಗಿ, ಅಲ್ಲಿಂದ ಚಿಂತಾಕಿಗೆ ಹೋದೆವು. ನಿಮ್ಮ ಅವ್ವ ಅಂಗಳದಲ್ಲಿ ಮೊರ ಹಿಡಿದು ಬೇಳೆ ಕೇರುತ್ತಿದ್ದರು. ತಂಬಿಗೆಯಲ್ಲಿ ನೀರು ತಂದರು. ರಂಜಾನಿನ ಉಪವಾಸವಿದ್ದ ಅಬ್ಬಾ ತಂಬಿಗೆ ಮುಟ್ಟದ್ದನ್ನು ನೋಡಿ, ‘ಅಯ್ಯ, ನಿಮ್ದು ರೋಜಾ ಅದಲ್ರಿ’ ಎಂದು ತಂಬಿಗೆ ಒಳಗಿಟ್ಟು ಬಂದರು.

ಅಬ್ಬಾ ಹೇಳಿ ಮುಗಿಸುವ ತನಕ ಅವರು ಮೊರದಿಂದ ಕೈ ತೆಗೆಯಲಿಲ್ಲ. ಒಂದೇ ಕೇಳಿದರು.

‘ಅವತ್ತು ಅಂವ ನೀರಾಗೇ ಸತ್ತಿದ್ರ, ನೀವು ಇದು ಹೇಳ್ತಿದ್ರೇನ್ರಿ?’

ಅಬ್ಬಾ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

‘ಖರೇ ಹೇಳ್ರಿ. ರೋಜಾದಾಗ ಇದ್ದೀರಿ.’

‘ಹೇಳ್ತಿರ್ಲಿಲ್ಲ, ಅಕ್ಕಾ.’

ಭಯ್ಯಾ, ಆ ಉತ್ತರ ಕೇಳಿ ನಾನು ಅಂಗಳದಿಂದ ಎದ್ದು ಹೊರಗೆ ಬಂದುಬಿಟ್ಟೆ. ನನ್ನ ಹಿಂದೆಯೇ ನಿಮ್ಮ ಅವ್ವ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಾಗಿಲಿಗೆ ಒರಗಿ ನಿಂತು, ‘ಮಂದಿ ಅಂದ್ರ ಅನ್ಲಿ, ನನ್ನ ಮಗ ಅಂಜೋನಲ್ಲ ಅಂತ ನನಗೂ ಗೊತ್ತಿದ್ದಿಲ್ಲ ನೋಡವಾ. ನಾನೂ ಆ ಫೋನ್‌ದಾಗಿಂದೇ ನಂಬಿದ್ದೆ’ ಎಂದರು. ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹೊರಡುವಾಗ ಅಬ್ಬಾನಿಗೆ, ‘ಮಾಫಿ ನನ್ನ ಕೈಯಾಗಿಲ್ರಿ. ಅಂವನ ಕೈಯಾಗದ’ ಎಂದರು. ನನಗೆ ಹೇಳಿದ್ದು: ‘ಏಪ್ರಿಲ್ ಹದಿನಾಲ್ಕರ ಜಯಂತಿಗಿ ಬಾ ಅಂತ ಬರಿ. ಎರಡು ವರ್ಷ ಅಂವ ಇಲ್ದೇ ಮೆರವಣಿಗಿ ಹೋತು.’

ಬರೆದಿದ್ದೇನೆ.

ಸಾಯಿಮಾ


ಅಣೆಕಟ್ಟಿನ ಕ್ಯಾಂಪು
1 ಏಪ್ರಿಲ್ 2025

ಚಾಚಾ,

ಅನೀಲಕುಮಾರ ಕಳಿಸಿದ ವಿಡಿಯೊವನ್ನು ಗುಡ್ಡದ ಮೇಲೆ ನೋಡಿದೆ. ಅರ್ಧಕ್ಕೆ ನಿಲ್ಲಿಸಿ ಕೆಳಗೆ ಬಂದೆ. ಮರುದಿನ ಮತ್ತೆ ಹತ್ತಿ ಉಳಿದದ್ದು ನೋಡಿದೆ.

ಹನ್ನೆರಡನೆಯ ತಾರೀಖು ಶನಿವಾರ ಬೆಳಿಗ್ಗೆ ಬೀದರ್ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಔರಾದ ಬಸ್ಸು ಹಿಡಿಯಲು ಒಂದು ಗಂಟೆ ಇರುತ್ತದೆ. ಆ ಹೊತ್ತಿಗೆ ಸ್ಟೇಷನ್ನಿಗೆ ಬನ್ನಿ. ಸಾಯಿಮಾ ಬೇಡ, ತಂಡದವರು ಯಾರೂ ಬೇಡ. ನೀವೊಬ್ಬರೇ.

ನಾನು ಏನು ಹೇಳುತ್ತೇನೋ ನನಗಿನ್ನೂ ಗೊತ್ತಿಲ್ಲ. ನೀವು ಮಾತ್ರ ಏನೂ ಹೇಳಬೇಡಿ. ಕೇಳಿ.

ನಾಗಸೇನ